ಒಂದು ಚಿಟಿಕೆ, ಸರಿಯಾದ ಹೊತ್ತಿಗೆ: ಉಡುಪಿ-ಮಂಗಳೂರು ಮನೆಯಡುಗೆಯ ಗುಟ್ಟಿನ ಸಾಮಾನುಗಳು

ನಮ್ಮಮ್ಮ ಪಲ್ಯದ ಒಲೆ ಆರಿಸಿದ ಮೇಲೆ ಮುಚ್ಚಳ ಸ್ವಲ್ಪ ಎತ್ತಿ, ಎಣ್ಣೆ ಕುಪ್ಪಿ ಬಗ್ಗಿಸಿ, ಅರ್ಧ ಚಮಚ ಹಸಿ ತೆಂಗಿನೆಣ್ಣೆಯನ್ನು ಸುತ್ತಲೂ ಬಿಡುತ್ತಿದ್ದರು. ತಕ್ಷಣ ಮುಚ್ಚಳ ಮುಚ್ಚುತ್ತಿದ್ದರು. ಸೌಟು ಹಾಕುತ್ತಿರಲಿಲ್ಲ. ಐದು ನಿಮಿಷ ಬಿಟ್ಟು ಮುಚ್ಚಳ ತೆಗೆದರೆ ಬರುವ ಆ ಪರಿಮಳಕ್ಕೆ ನಾವು ಮಕ್ಕಳು ಓದುವುದು ಬಿಟ್ಟು ಅಡುಗೆಮನೆಗೆ ಬರುತ್ತಿದ್ದೆವು.

ಮದುವೆಯಾಗಿ ಮಂಗಳೂರಿಗೆ ಬಂದ ಮೇಲೆ ನಾನೂ ಅದೇ ಅಲಸಂಡೆ ಪಲ್ಯ ಮಾಡಿದೆ. ಅದೇ ಕಾಯಿತುರಿ, ಅದೇ ಸಾಸಿವೆ, ಅದೇ ಬೆಲ್ಲ. ಆದರೆ ಅಮ್ಮನ ಪಲ್ಯ ಆಗಲಿಲ್ಲ. ಎಷ್ಟೋ ತಿಂಗಳು ಹಾಗೇ ನಡೆಯಿತು. ಒಮ್ಮೆ ತವರೂರು ಕಟಪಾಡಿಗೆ ಹೋದಾಗ ಅಮ್ಮನ ಪಕ್ಕದಲ್ಲೇ ನಿಂತು ನೋಡಿದೆ, ಆಗ ಗೊತ್ತಾಯಿತು. "ಇದನ್ನು ಯಾಕೆ ಹೇಳಲಿಲ್ಲ ಅಮ್ಮ?" ಅಂದರೆ "ಇದೂ ಒಂದು ಹೇಳುವ ವಿಷಯವಾ ಮಗಾ?" ಅಂದರು.

ನಮ್ಮ ಕಡೆಯ ಅಡುಗೆಯ ಗುಟ್ಟುಗಳೆಲ್ಲ ಹೀಗೇ ಇವೆ. ಯಾರೂ ಬಚ್ಚಿಟ್ಟದ್ದಲ್ಲ, ಹೇಳುವಷ್ಟು ದೊಡ್ಡದು ಅಂತ ಅನಿಸದೆ ಬಿಟ್ಟುಹೋದದ್ದು. ಸಾಮಾನು ಎಲ್ಲರ ಮನೆಯ ಡಬ್ಬಿಯಲ್ಲೂ ಇದೆ. ಎಷ್ಟು ಹಾಕಬೇಕು, ಯಾವಾಗ ಹಾಕಬೇಕು ಅನ್ನುವುದೇ ಗುಟ್ಟು. ಬೇಗ ಹಾಕಿದರೆ ಹಾರಿಹೋಗುತ್ತದೆ, ಜಾಸ್ತಿ ಹಾಕಿದರೆ ಕಹಿಯಾಗುತ್ತದೆ. ನಾನು ಅಮ್ಮನಿಂದ, ಅತ್ತೆಯಿಂದ, ಪಕ್ಕದ ಮನೆಯ ಕೊಂಕಣಿ ಮಾಯಿಯಿಂದ ಕಲಿತದ್ದನ್ನು, ಹಾಳು ಮಾಡಿ ಕಲಿತದ್ದನ್ನೂ ಸೇರಿಸಿ, ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲು, ಏನು ಕಮ್ಮಿ ಅಂತ ಕಂಡುಹಿಡಿಯುವುದು

"ಏನೋ ಒಂದು ಕಮ್ಮಿ ಉಂಟು" ಅಂತ ಅನಿಸಿದಾಗ ಹೆಚ್ಚಿನವರು ಇನ್ನೊಂದು ಚಮಚ ಮಸಾಲೆಪುಡಿ ಹಾಕುತ್ತಾರೆ. ಅದು ಬೇಡ. ಹತ್ತರಲ್ಲಿ ಎಂಟು ಸಲ ಕಮ್ಮಿ ಇರುವುದು ಮಸಾಲೆಯಲ್ಲ.

ಹೀಗೆ ಮಾಡಿ. ಒಂದು ಸೌಟು ಸಾರನ್ನೋ ಹುಳಿಯನ್ನೋ ಮೂರು ಸಣ್ಣ ಬಟ್ಟಲಿಗೆ ಹಂಚಿ. ಒಂದಕ್ಕೆ ಎರಡು ಕಲ್ಲು ಉಪ್ಪು, ಇನ್ನೊಂದಕ್ಕೆ ಕಡಲೆಕಾಳಿನಷ್ಟು ಬೆಲ್ಲ, ಮತ್ತೊಂದಕ್ಕೆ ನಾಲ್ಕು ಹನಿ ಹುಣಸೆರಸ ಹಾಕಿ ಕಲಸಿ. ಸ್ವಲ್ಪ ಆರಿದ ಮೇಲೆ ಒಂದೊಂದಾಗಿ ನಾಲಿಗೆಗೆ ಹಾಕಿ ನೋಡಿ. ಕುದಿಯುವ ಸಾರಿನ ರುಚಿ ನಾಲಿಗೆಗೆ ಸರಿಯಾಗಿ ತಿಳಿಯುವುದಿಲ್ಲ, ಅದಕ್ಕೇ ಆರಬೇಕು ಅನ್ನುವುದು. ಯಾವ ಬಟ್ಟಲು "ಹಾಂ, ಇದು" ಅನಿಸುತ್ತದೋ ಅದೇ ಪಾತ್ರೆಗೆ ಬೇಕಾದದ್ದು. ನಾಲ್ಕು ಸಲ ಹೀಗೆ ಮಾಡಿದರೆ ಐದನೇ ಸಲ ಬಟ್ಟಲೇ ಬೇಡ, ನಾಲಿಗೆಗೆ ತಾನಾಗಿ ಗೊತ್ತಾಗುತ್ತದೆ.

ಬೆಲ್ಲದ ಬಗ್ಗೆ ಒಂದು ಮಾತು. ಹೊರಗಿನವರು ಉಡುಪಿ ಅಡುಗೆ ಅಂದರೆ ಸಿಹಿ ಅನ್ನುತ್ತಾರೆ. ಬೆಲ್ಲ ನಾಲಿಗೆಗೆ ಬೇರೆಯಾಗಿ ಗೊತ್ತಾದರೆ ಅದು ಜಾಸ್ತಿಯಾಯಿತು ಅಂತಲೇ ಲೆಕ್ಕ. ಹುಳಿಯ ಚೂಪು ಕಮ್ಮಿಯಾಗಬೇಕು, ಖಾರ ಗಂಟಲಿಗೆ ಹೊಡೆಯಬಾರದು, ಬೆಲ್ಲದ ಕೆಲಸ ಅಷ್ಟೇ. ನಾಲ್ಕು ಜನರ ಸಾರಿಗೆ ಒಂದು ಅಡಿಕೆ ಗಾತ್ರ ಸಾಕು. ಅದನ್ನು ಹುಣಸೆರಸದ ಜೊತೆಗೇ ಹಾಕಿ ಕುದಿಸಬೇಕು. ಕೊನೆಗೆ ಹಾಕಿದರೆ ಸಿಹಿ ಒಂದು ಕಡೆ, ಹುಳಿ ಒಂದು ಕಡೆ ನಿಲ್ಲುತ್ತದೆ.

ತೆಂಗಿನೆಣ್ಣೆ ಎರಡು ಸಲ

ಒಗ್ಗರಣೆಗೆ ಹಾಕುವ ಎಣ್ಣೆ ಬೇರೆ, ಕೊನೆಗೆ ಬಿಡುವ ಎಣ್ಣೆ ಬೇರೆ. ಒಗ್ಗರಣೆಯಲ್ಲಿ ಎಣ್ಣೆ ಚೆನ್ನಾಗಿ ಕಾಯುತ್ತದೆ. ಅದು ಸಾಸಿವೆ, ಇಂಗು, ಕರಿಬೇವಿನ ಪರಿಮಳವನ್ನು ಎಳೆದುಕೊಳ್ಳುತ್ತದೆ, ತನ್ನದನ್ನು ಮಾತ್ರ ಕಳೆದುಕೊಳ್ಳುತ್ತದೆ. ಅದಕ್ಕೇ ಕೊನೆಗೆ ಹಸಿ ಎಣ್ಣೆ. ಬಿಸಿ ಪಲ್ಯದ ಮೇಲೆ ಬಿದ್ದು, ಮುಚ್ಚಳದೊಳಗಿನ ಹಬೆಗೆ ಅದರ ಪರಿಮಳ ಏಳುತ್ತದೆ, ಹಾರಿಹೋಗುವುದಿಲ್ಲ.

ತೊಂಡೆಕಾಯಿ, ಅಲಸಂಡೆ, ಹೀರೆಕಾಯಿ, ಬಾಳೆಕಾಯಿ ಪಲ್ಯ, ಎಲ್ಲಕ್ಕೂ ಇದು ಆಗುತ್ತದೆ. ಕೊಂಕಣಿ ಮನೆಗಳಲ್ಲಿ ದಾಳಿತೋಯಕ್ಕೂ (ಬೇಳೆಯ ಸಾರು) ಆಲೂಗಡ್ಡೆಯ ಖಾರದ ಪದಾರ್ಥ ಬಟಾಟೆ ಸಾಂಗ್‌ಗೂ ತೆಂಗಿನೆಣ್ಣೆ ಬೇಕೇ ಬೇಕು. ಆದರೆ ಎಣ್ಣೆ ಗಾಣದ್ದಾಗಿರಲಿ. ಒಮ್ಮೆ ಅರ್ಜೆಂಟಿಗೆ ಅಂಗಡಿಯಿಂದ ಕಮ್ಮಿ ಬೆಲೆಯ ಪ್ಯಾಕೆಟ್ ಎಣ್ಣೆ ತಂದಿದ್ದೆ. ಒಗ್ಗರಣೆಗೆ ಹೇಗೋ ನಡೆಯಿತು, ಆದರೆ ಹಸಿಯಾಗಿ ಬಿಟ್ಟಾಗ ಏನೇನೂ ಪರಿಮಳ ಇಲ್ಲ, ಹಳೇ ಕೊಬ್ಬರಿಯ ಕಮಟು ವಾಸನೆ ಮಾತ್ರ. ಪೂರ್ತಿ ಪಲ್ಯ ಹಾಳಾಯಿತು. ಕೊಳ್ಳುವ ಮೊದಲು ಒಂದು ಹನಿ ಅಂಗೈಗೆ ಹಾಕಿ ಉಜ್ಜಿ ಮೂಸಿ ನೋಡಿ. ಆಗ ತಾನೇ ಒಡೆದ ಕೊಬ್ಬರಿಯ ವಾಸನೆ ಬಂದರೆ ತನ್ನಿ.

ಪಲ್ಯಕ್ಕೆ ಇನ್ನೊಂದು ಗುಟ್ಟಿದೆ. ಕಾಯಿತುರಿಯನ್ನು ಸುಮ್ನೆ ಮೇಲೆ ಉದುರಿಸುವ ಬದಲು, ಒಂದು ಹಿಡಿ ತುರಿಗೆ ಎರಡು ಒಣಮೆಣಸು, ಕಾಲು ಸಣ್ಣ ಚಮಚ ಸಾಸಿವೆ, ಅಷ್ಟೇ ಜೀರಿಗೆ ಹಾಕಿ, ನೀರಿಲ್ಲದೆ ಮಿಕ್ಸಿಯಲ್ಲಿ ಎರಡೇ ಸುತ್ತು ತಿರುಗಿಸಿ. ನುಣ್ಣಗಾಗಬಾರದು, ಜಜ್ಜಿದ ಹಾಗೆ ಇರಬೇಕು. ತರಕಾರಿ ಬೆಂದು ನೀರೆಲ್ಲ ಆರಿದ ಮೇಲೆ ಇದನ್ನು ಹಾಕಿ ಎರಡು ನಿಮಿಷ ಬಾಡಿಸಿ ಒಲೆ ಆರಿಸಿ. ಆಮೇಲೆ ಹಸಿ ಎಣ್ಣೆ.

ಇಂಗು

ಇಂಗು ನಮ್ಮ ಊರಿನದ್ದಲ್ಲ. ಇರಾನ್, ಅಫ್ಘಾನಿಸ್ತಾನದ ಕಡೆಯ ಒಂದು ಗಿಡದ ಬೇರಿನಿಂದ ಒಸರುವ ಅಂಟು ಅದು. ನಮ್ಮ ದೇಶದಲ್ಲಿ ಬೆಳೆಸುವ ಪ್ರಯತ್ನ ಶುರುವಾದದ್ದೇ 2020ರಲ್ಲಿ, ಹಿಮಾಚಲದ ಲಾಹೌಲ್ ಕಣಿವೆಯಲ್ಲಿ. ಆದರೂ ಇಂಗಿಲ್ಲದ ಉಡುಪಿ ಸಾರು ಯಾರೂ ನೆನೆಸಿಕೊಳ್ಳುವುದಿಲ್ಲ ಅಲ್ವಾ? ಬೆಳ್ಳುಳ್ಳಿ, ಈರುಳ್ಳಿ ಹಾಕದ ಮನೆಗಳಲ್ಲಿ ಆ ಜಾಗವನ್ನು ತುಂಬುವುದೇ ಇಂಗು.

ಪುಡಿ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟೋ ಮೈದಾವೋ, ಜೊತೆಗೆ ಅಂಟೂ ಬೆರೆತಿರುತ್ತದೆ. ಗೋಧಿ ಆಗದವರು ಮನೆಯಲ್ಲಿದ್ದರೆ ಡಬ್ಬಿಯ ಮೇಲೆ ಬರೆದದ್ದನ್ನು ಓದಲೇಬೇಕು. ನಾನು ಗಟ್ಟಿ ಇಂಗು ಬಳಸುತ್ತೇನೆ. ನನ್ನಜ್ಜಿ ಮಾಡುತ್ತಿದ್ದ ಕ್ರಮ ಹೀಗೆ: ಒಂದು ಸಣ್ಣ ಗೆರಟೆಯಲ್ಲಿ (ತೆಂಗಿನ ಚಿಪ್ಪು) ಬಟಾಣಿ ಗಾತ್ರದ ಇಂಗು, ಎರಡು ಚಮಚ ಉಗುರುಬೆಚ್ಚಗಿನ ನೀರು. ಬೆಳಿಗ್ಗೆ ಒಲೆ ಹಚ್ಚಿದ ಕೂಡಲೇ ನೆನೆಹಾಕಿ ಕಟ್ಟೆಯ ಮೂಲೆಯಲ್ಲಿ ಇಡುವುದು. ಮಧ್ಯಾಹ್ನ ಸಾರು ಕುದಿಯುವ ಹೊತ್ತಿಗೆ ಅದು ಬೆಳ್ಳಗೆ ಹಾಲಿನ ಹಾಗೆ ಆಗಿರುತ್ತಿತ್ತು. ಬೆರಳಲ್ಲಿ ಒಮ್ಮೆ ಹಿಸುಕಿ ಆ ನೀರನ್ನು ಸಾರಿಗೆ ಬಿಡುತ್ತಿದ್ದರು. ಉಳಿದ ತುಂಡಿಗೆ ಮತ್ತೆ ನೀರು. ಒಂದು ತುಂಡು ಎರಡು ದಿನ ಬರುತ್ತಿತ್ತು.

ಪುಡಿಯೇ ಇದ್ದರೆ, ಒಗ್ಗರಣೆಯಲ್ಲಿ ಸಾಸಿವೆ ಸಿಡಿದು ಮುಗಿದ ಮೇಲೆ, ಉರಿ ಆರಿಸಿ, ಆ ಬಿಸಿಯಲ್ಲೇ ಇಂಗು ಹಾಕಿ. ಐದು ಸೆಕೆಂಡು ಸಾಕು, ಕೂಡಲೇ ಕರಿಬೇವು ಹಾಕಿ ಸಾರಿಗೆ ಸುರಿದುಬಿಡಿ. ಉರಿಯುವ ಒಲೆಯ ಮೇಲೆ ಹಾಕಿದರೆ ಅದರಲ್ಲಿರುವ ಹಿಟ್ಟು ಕರಟಿ ಕಹಿಯಾಗುತ್ತದೆ.

ಸಾರು, ಬುಡದಿಂದ

ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ದಿನಾ ಮಾಡುವುದು ಇದನ್ನೇ, ದಿನಾ ಹಾಳಾಗುವುದೂ ಇದೇ.

ಪುಡಿ ಮೊದಲು. ಕೊತ್ತಂಬರಿ 1 ಕಪ್, ಬ್ಯಾಡಗಿ ಮೆಣಸು 25, ಜೀರಿಗೆ 2 ದೊಡ್ಡ ಚಮಚ, ಮೆಂತ್ಯ 1 ಸಣ್ಣ ಚಮಚ, ಎರಡು ಕಡ್ಡಿ ಕರಿಬೇವು, ಒಂದು ತುಂಡು ಇಂಗು. ಬ್ಯಾಡಗಿಯೇ ಯಾಕೆ ಅಂದರೆ ಅದರ ಬಣ್ಣಕ್ಕೆ. ಖಾರ ಕಮ್ಮಿ, ಕೆಂಪು ಜಾಸ್ತಿ, ಸುಕ್ಕುಸುಕ್ಕಾಗಿ ಇರುತ್ತದೆ. 2011ರಲ್ಲಿ ಅದಕ್ಕೆ ಜಿಐ (ಆ ಊರಿನದ್ದೇ ಅನ್ನುವ ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ.

1. ಕಬ್ಬಿಣದ ಬಾಣಲೆಯಲ್ಲಿ ಅರ್ಧ ಚಮಚ ತೆಂಗಿನೆಣ್ಣೆ. ಉರಿ ಸಣ್ಣದು. ಮೊದಲು ಇಂಗಿನ ತುಂಡನ್ನು ಉಬ್ಬುವವರೆಗೆ ಹುರಿದು ತೆಗೆಯಿರಿ.
2. ಅದೇ ಎಣ್ಣೆಯಲ್ಲಿ ಮೆಂತ್ಯ. ಇಲ್ಲಿ ಕಣ್ಣು ಅತ್ತಿತ್ತ ಹೋಗಬಾರದು. ಹಳದಿಯಿಂದ ಇಟ್ಟಿಗೆ ಕೆಂಪಿಗೆ ತಿರುಗಿದ ಕೂಡಲೇ ತೆಗೆಯಿರಿ.
3. ಕೊತ್ತಂಬರಿ, ಪರಿಮಳ ಬಂದು ಚಟಚಟ ಅನ್ನುವವರೆಗೆ. ಜೀರಿಗೆಯನ್ನು ಕೊನೆಯ ಅರ್ಧ ನಿಮಿಷಕ್ಕೆ ಇದರ ಜೊತೆ ಸೇರಿಸಿ.
4. ಇನ್ನೆರಡು ಹನಿ ಎಣ್ಣೆ ಬಿಟ್ಟು ಮೆಣಸು. ಉಬ್ಬಿ ಗರಿಗರಿಯಾಗಬೇಕು, ಕಪ್ಪಾಗಬಾರದು. ಆ ಬಿಸಿಯಲ್ಲೇ ಕರಿಬೇವು.
5. ಎಲ್ಲ ಪೂರ್ತಿ ತಣಿದ ಮೇಲೆ ಪುಡಿ ಮಾಡಿ. ಬಿಸಿಯಲ್ಲಿ ಮಾಡಿದರೆ ಪುಡಿ ಬೆವರಿ ಮುದ್ದೆಯಾಗುತ್ತದೆ.

ಎಲ್ಲವನ್ನೂ ಒಟ್ಟಿಗೆ ಹಾಕಿ ಹುರಿಯುವುದು ಬೇಡವೇ ಬೇಡ. ಒಮ್ಮೆ ಫೋನು ಬಂತು ಅಂತ ಮೆಂತ್ಯವನ್ನು ಬಿಟ್ಟು ಹೋದೆ. ಬರುವಾಗ ಅದು ಕಾಫಿಪುಡಿ ಬಣ್ಣಕ್ಕೆ ಬಂದಿತ್ತು. ಒಂದು ಚಮಚ ತಾನೇ ಅಂತ ಸೇರಿಸಿ ಪುಡಿ ಮಾಡಿದೆ. ಇಡೀ ಡಬ್ಬಿ ಕಹಿ. ಬೆಲ್ಲ ಹಾಕಿದೆ, ಉಪ್ಪು ಹಾಕಿದೆ, ಏನು ಮಾಡಿದರೂ ಹೋಗಲಿಲ್ಲ. ಕರಟಿದ ಮೆಂತ್ಯವನ್ನು ಆಗಲೇ ಬಿಸಾಡಿದ್ದರೆ ಒಂದು ಚಮಚ ಮಾತ್ರ ಹೋಗುತ್ತಿತ್ತು.

ಈಗ ಸಾರು. ನಾಲ್ಕು ಜನಕ್ಕೆ ಕಾಲು ಕಪ್ ತೊಗರಿಬೇಳೆ, ಮೆತ್ತಗೆ ಬೇಯಿಸಿ ಕಡೆಗೋಲಿನಲ್ಲಿ ಕಡೆದಿಡಿ. ಬೇರೆ ಪಾತ್ರೆಯಲ್ಲಿ ಎರಡು ಟೊಮೆಟೊ, ಅಡಿಕೆ ಗಾತ್ರದ ಹುಣಸೆಯ ರಸ, ಅಷ್ಟೇ ಬೆಲ್ಲ, ಉಪ್ಪು, ಸೀಳಿದ ಹಸಿಮೆಣಸು ಒಂದು, ಕರಿಬೇವು. ಇದು ಎಂಟು ಹತ್ತು ನಿಮಿಷ ಕುದಿಯಬೇಕು. ಹುಣಸೆಯ ಹಸಿವಾಸನೆ ಹೋಗಬೇಕು. ಆಮೇಲೆ ಬೇಳೆ ಸೇರಿಸಿ, ನಾಲ್ಕೈದು ಕಪ್ ಆಗುವಷ್ಟು ನೀರು ಹಾಕಿ. ಒಂದು ಕುದಿ ಬಂದ ಮೇಲೆ ಪುಡಿ, ಎರಡು ಸಣ್ಣ ಚಮಚ. ಇಲ್ಲಿಂದ ಮೂರೇ ನಿಮಿಷ. ನೊರೆ ಕಟ್ಟಿ ಮೇಲೆ ಬರುವಾಗ ಆರಿಸಿಬಿಡಿ. ಪುಡಿ ಹಾಕಿ ಹದಿನೈದು ನಿಮಿಷ ಕುದಿಸಿದರೆ ಇಡೀ ಮನೆ ಘಮಘಮ ಅನ್ನುತ್ತದೆ, ಸಾರು ಮಾತ್ರ ಸಪ್ಪೆ. ಮನೆಗೆ ಹರಡಿದ ಆ ಪರಿಮಳ ಪಾತ್ರೆಯಲ್ಲಿ ಇರಬೇಕಾದದ್ದು. ಇಂಗಿನ ನೀರು, ಕೊತ್ತಂಬರಿ ಸೊಪ್ಪು, ಮೇಲೆ ತುಪ್ಪದ ಒಗ್ಗರಣೆ. ಹತ್ತು ನಿಮಿಷ ಮುಚ್ಚಿಡಿ. ಆ ಹತ್ತು ನಿಮಿಷವನ್ನೂ ನಾನು ಒಂದು ಸಾಮಾನು ಅಂತಲೇ ಲೆಕ್ಕ ಹಾಕುತ್ತೇನೆ.

ಬೇಳೆ ಇಲ್ಲದ ದಿನ? ಕುಚ್ಚಲಕ್ಕಿ ಅನ್ನ ಬಸಿದ ತೆಳಿ ಇರುತ್ತದಲ್ಲ, ಅದನ್ನು ಚೆಲ್ಲಬೇಡಿ. ಬೇಳೆಕಟ್ಟಿನ ಬದಲು ಎರಡು ಕಪ್ ತೆಳಿ ಹಾಕಿ, ಜೀರಿಗೆ, ಒಳ್ಳೆಮೆಣಸು (ಕಾಳುಮೆಣಸು) ಜಜ್ಜಿ ಹಾಕಿ. ಜ್ವರ ಬಂದವರಿಗೆ, ಬಾಯಿ ಸಪ್ಪೆಯಾದವರಿಗೆ ಇದರಷ್ಟು ಹಿತ ಬೇರೆ ಇಲ್ಲ. ಹುಳಿ ನೀರಾದಾಗ ಜೋಳದ ಹಿಟ್ಟೋ ಕಡಲೆ ಹಿಟ್ಟೋ ಕಲಸಿ ಹಾಕುವ ಬದಲು ಇದೇ ತೆಳಿ ಅರ್ಧ ಸೌಟು ಹಾಕಿದರೆ ಹದಕ್ಕೆ ಬರುತ್ತದೆ, ರುಚಿಯೂ ಕೆಡುವುದಿಲ್ಲ.

ಹುಣಸೆ ಒಂದೇ ಹುಳಿಯಲ್ಲ

ಹುಳಿಯ ವಿಷಯದಲ್ಲಿ ನಮ್ಮಷ್ಟು ಅದೃಷ್ಟವಂತರು ಯಾರೂ ಇಲ್ಲ. ಹಿತ್ತಿಲಲ್ಲೇ ಆರು ಥರ. ಪುನರ್ಪುಳಿ (ಕೋಕಂ), ಮಂತುಹುಳಿ, ಬಿಂಬುಳಿ (ಬಿಳಿಂಬಿ), ಅಂಬಟೆ (ಅಮಟೆಕಾಯಿ), ಕಾಟು ಮಾವು (ಕಾಡು ಮಾವು), ಹುಣಸೆ. ಪ್ರತಿಯೊಂದರ ಹುಳಿ ನಾಲಿಗೆಯ ಬೇರೆ ಬೇರೆ ಜಾಗಕ್ಕೆ ಹೋಗುತ್ತದೆ ಅಂತ ನನಗೆ ಅನಿಸುತ್ತದೆ. ಫ್ಲ್ಯಾಟಿನಲ್ಲಿ ಇರುವವರಿಗೂ ಉರ್ವ ಮಾರ್ಕೆಟಿನಲ್ಲೋ ಸಂತೆಯಲ್ಲೋ ಹೊತ್ತಿಗೆ ಸರಿಯಾಗಿ ಸಿಗುತ್ತದೆ.

ಬಿಂಬುಳಿ ಸಿಕ್ಕಾಗ ಜಾಸ್ತಿ ತನ್ನಿ. ಉದ್ದಕ್ಕೆ ಸೀಳಿ, ಉಪ್ಪು ಬೆರೆಸಿ, ನಾಲ್ಕೈದು ದಿನ ಬಿಸಿಲಿಗೆ ಒಣಗಿಸಿ ಭರಣಿಯಲ್ಲಿ ಇಟ್ಟರೆ ಮಳೆಗಾಲಕ್ಕೆ ಆಗುತ್ತದೆ. ಬೂತಾಯಿ ಮೀನಿನ ಗಸಿಗೆ (ದಪ್ಪ ಸಾರಿಗೆ) ಹುಣಸೆಯ ಬದಲು ಇದನ್ನು ಹಾಕಿದರೆ ಮೀನಿನ ನೀಚು ವಾಸನೆ ಎಲ್ಲಿ ಹೋಯಿತು ಅಂತ ಗೊತ್ತಾಗುವುದಿಲ್ಲ. ಅದರಲ್ಲಿ ಉಪ್ಪು ಮೊದಲೇ ಇರುತ್ತದೆ, ಗಸಿಗೆ ಹಾಕುವ ಉಪ್ಪನ್ನು ಕಮ್ಮಿ ಮಾಡಬೇಕು. ಸಿಗಡಿಗೆ ಮಾವಿನಕಾಯಿ. ಹೆಸರುಬೇಳೆ ತೊವ್ವೆಗೆ ಅಂಬಟೆ ಎರಡು ಜಜ್ಜಿ ಹಾಕಿ. ಪುನರ್ಪುಳಿಯನ್ನು ಕುದಿಯುವ ಅಡುಗೆಯಲ್ಲಿ ಹೊತ್ತುಗಟ್ಟಲೆ ಬಿಡಬೇಡಿ, ಒಗರು ಬಿಡುತ್ತದೆ. ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ಆ ಕೆಂಪು ನೀರನ್ನು ಕೊನೆಗೆ ಹಾಕಿ.

ಕೆಸುವಿನ ಎಲೆಗೆ ಹಿಟ್ಟು ಸೇರಿಸಿ ಹಬೆಯಲ್ಲಿ ಬೇಯಿಸುವ ಪತ್ರೊಡೆಗೆ ಹುಳಿ ರುಚಿಗೆ ಮಾತ್ರ ಅಲ್ಲ. ಕೆಸುವಿನ ಎಲೆಯಲ್ಲಿ ಗಂಟಲು ತುರಿಸುವ ಸಣ್ಣ ಸೂಜಿಯಂಥ ಹರಳುಗಳಿರುತ್ತವೆ. ಹುಣಸೆ ಸಾಕಷ್ಟು ಬಿದ್ದು, ಹಬೆಯಲ್ಲಿ ಪೂರ್ತಿ ಬೆಂದರೆ ಮಾತ್ರ ತುರಿಕೆ ನಿಲ್ಲುತ್ತದೆ. ಹಿಟ್ಟು ನಾಲಿಗೆಗೆ "ಸ್ವಲ್ಪ ಜಾಸ್ತಿ ಹುಳಿಯಾಯಿತೇನೋ" ಅನಿಸಬೇಕು. ಬೆಂದ ಮೇಲೆ ಸರಿಯಾಗುತ್ತದೆ.

ಮಟ್ಟುಗುಳ್ಳದ ಹುಳಿಗೆ ಮಾತ್ರ ನಾನು ಹುಣಸೆ, ಬೆಲ್ಲ, ಇಂಗು ಬಿಟ್ಟು ಬೇರೇನೂ ಹಾಕುವುದಿಲ್ಲ. ನಮ್ಮ ಕಟಪಾಡಿಯ ಪಕ್ಕದ ಮಟ್ಟುವಿನಲ್ಲಿ ಬೆಳೆಯುವ ಆ ಗುಂಡು ಹಸಿರು ಬದನೆ, ವಾದಿರಾಜ ಸ್ವಾಮಿಗಳು ಬೀಜ ಕೊಟ್ಟರು ಅಂತ ಊರವರು ಹೇಳುವ ಬದನೆ, 2011ರಲ್ಲಿ ಜಿಐ ಪಡೆದದ್ದು. ಸಿಪ್ಪೆ ತೆಳು, ಬೆಂದರೂ ಕರಗಿಹೋಗುವುದಿಲ್ಲ. ಅದಕ್ಕೆ ಮಸಾಲೆ ಕಡೆದು (ಅರೆದು) ಹಾಕಿದರೆ ಅದರ ರುಚಿಯೇ ಅಡಗಿಹೋಗುತ್ತದೆ. ಮಸಾಲೆ ಅರೆಯದ ಬೋಳು ಹುಳಿಯೇ ಸರಿ.

ಮಜ್ಜಿಗೆ ಹುಳಿಗೆ ಒಂದು ಚಮಚ ಅಕ್ಕಿ

ನಾದಿನಿಯ ಮನೆಯವರು ಮೊದಲ ಸಲ ಊಟಕ್ಕೆ ಬಂದ ದಿನ ನನ್ನ ಕುಂಬಳಕಾಯಿ ಮಜ್ಜಿಗೆ ಹುಳಿ ಒಡೆದು, ನೀರು ಬೇರೆ, ಗಷ್ಟು ಬೇರೆ ಆಗಿತ್ತು. ಬಡಿಸುವಾಗ ನನ್ನ ಕೈ ನಡುಗಿತ್ತು. ಅತ್ತೆ ಅವತ್ತು ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಒಂದು ಚಮಚ ಬೆಳ್ತಿಗೆ (ಬಿಳಿ) ಅಕ್ಕಿ ನೆನೆಹಾಕಿ ನನ್ನ ಮುಂದೆ ಇಟ್ಟರು. "ಕಾಯಿಯ ಜೊತೆ ಇದನ್ನೂ ಕಡೆ" ಅಂದರು.

ಮಜ್ಜಿಗೆ ಬಿಸಿಯಾದಾಗ ಒಡೆಯುವುದು ಅದರ ಗುಣ. ಅಕ್ಕಿಯ ಗಂಜಿ ಅದರೊಳಗೆ ಹರಡಿಕೊಂಡರೆ ಅದು ಗಟ್ಟಿ ಸೇರಿ ಗಂಟಾಗುವುದನ್ನು ತಡೆಯುತ್ತದೆ. ಕ್ರಮ ಹೀಗೆ. ಕುಂಬಳಕಾಯಿ ಹೋಳುಗಳನ್ನು ಉಪ್ಪು, ಅರಸಿನ ಹಾಕಿ ಬೇಯಿಸಿ. ಒಂದು ಕಪ್ ಕಾಯಿತುರಿ, ಎರಡು ಮೂರು ಹಸಿಮೆಣಸು, ಅರ್ಧ ಸಣ್ಣ ಚಮಚ ಜೀರಿಗೆ, ಕಾಲು ಗಂಟೆ ನೆನೆದ ಒಂದು ಸಣ್ಣ ಚಮಚ ಅಕ್ಕಿ, ಇಷ್ಟನ್ನೂ ಬೆಣ್ಣೆಯ ಹಾಗೆ ನುಣ್ಣಗೆ ಕಡೆಯಿರಿ. ಅದನ್ನು ಹೋಳಿಗೆ ಹಾಕಿ ಒಂದು ಕುದಿ ಬರಿಸಿ. ಅಕ್ಕಿ ಬೇಯಬೇಕಲ್ಲ, ಅದಕ್ಕೆ ಮಜ್ಜಿಗೆಗಿಂತ ಮೊದಲೇ ಈ ಕುದಿ. ಈಗ ಉರಿ ಸಣ್ಣ ಮಾಡಿ. ಒಂದೂವರೆ ಕಪ್ ಹುಳಿ ಮಜ್ಜಿಗೆಯನ್ನು ಚೆನ್ನಾಗಿ ಕಡೆದು, ಫ್ರಿಜ್ಜಿನಿಂದ ತೆಗೆದ ಕೂಡಲೇ ಅಲ್ಲ, ಹೊರಗಿಟ್ಟು ತಂಪು ಬಿಟ್ಟ ಮೇಲೆ, ಸೌಟಿನಲ್ಲಿ ತಿರುವುತ್ತಾ ನಿಧಾನವಾಗಿ ಸುರಿಯಿರಿ. ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಕಂಡ ಕೂಡಲೇ ಇಳಿಸಿ. ಕೊತಕೊತ ಕುದಿಸಬಾರದು. ಒಗ್ಗರಣೆಗೆ ತೆಂಗಿನೆಣ್ಣೆ, ಸಾಸಿವೆ, ಒಣಮೆಣಸು, ಕರಿಬೇವು, ಮತ್ತೆ ಏಳೆಂಟು ಕಾಳು ಮೆಂತ್ಯ. ಆ ಮೆಂತ್ಯದ ಕಾಳು ಊಟದ ನಡುವೆ ಹಲ್ಲಿಗೆ ಸಿಕ್ಕಾಗ ಬರುವ ಸಣ್ಣ ಕಹಿ ನನಗೆ ಬಹಳ ಇಷ್ಟ.

ಹಸಿ ಸಾಸಿವೆ

ಹಣ್ಣಿಗೆ ಕಾಯಿ, ಸಾಸಿವೆ ಅರೆದು ಕಲಸುವ ಪದಾರ್ಥಕ್ಕೂ ನಮ್ಮಲ್ಲಿ ಸಾಸಿವೆ ಅಂತಲೇ ಹೆಸರು. ಕಾಟು ಮಾವಿನ ಹಣ್ಣಿನ ಸಾಸಿವೆ, ಅನಾನಸಿನ ಸಾಸಿವೆ ಮಾಡುವಾಗ ಸಾಸಿವೆ ಕಾಳನ್ನು ಹುರಿಯುವುದಿಲ್ಲ. ಇಡೀ ಕಾಳಿಗೆ ಘಾಟು ಇಲ್ಲ. ನೀರಿನ ಜೊತೆ ಅರೆದಾಗ ಅದರೊಳಗೆ ಬೇರೆ ಬೇರೆ ಇದ್ದ ಎರಡು ಅಂಶಗಳು ಸೇರಿ ಆ ಮೂಗಿಗೆ ಏರುವ ಘಾಟು ಹುಟ್ಟುತ್ತದೆ. ಬಿಸಿ ತಾಗಿದರೆ ಸತ್ತುಹೋಗುತ್ತದೆ. ಆದ್ದರಿಂದ ಒಂದು ಕಪ್ ಕಾಯಿಗೆ ಅರ್ಧ ಸಣ್ಣ ಚಮಚ ಸಾಸಿವೆ, ಕಾಯಿ, ಮೆಣಸು ಎಲ್ಲ ನುಣ್ಣಗಾದ ಮೇಲೆ ಕೊನೆಯ ಸುತ್ತಿಗೆ ಹಾಕಿ. ಮೊದಲೇ ಹಾಕಿ ಮಿಕ್ಸಿ ಬಿಸಿಯಾಗುವವರೆಗೆ ತಿರುಗಿಸಿದರೆ ಕಹಿ. ಕುದಿಸುವ ಮಾತೇ ಇಲ್ಲ.

ಮೀನಿಗೆ ಓಮ

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗಸ್ಟ್ ಬಂದು ಮಲ್ಪೆಯಿಂದಲೋ ಬಂದರಿನ ದಕ್ಕೆಯಿಂದಲೋ ಮೊದಲ ತಾಜಾ ಬಂಗುಡೆ ಬಂದ ದಿನ ಪುಳಿಮುಂಚಿ (ಹುಳಿ, ಖಾರದ ಮೀನು ಪದಾರ್ಥ) ಮಾಡದ ಮನೆ ಕಮ್ಮಿ.

ಅರ್ಧ ಡಜನ್ ಬಂಗುಡೆಗೆ 15 ಬ್ಯಾಡಗಿ ಮೆಣಸು, 2 ದೊಡ್ಡ ಚಮಚ ಕೊತ್ತಂಬರಿ, 1 ಸಣ್ಣ ಚಮಚ ಜೀರಿಗೆ, ಎಂಟು ಹತ್ತು ಒಳ್ಳೆಮೆಣಸು, ಕಾಲು ಸಣ್ಣ ಚಮಚ ಮೆಂತ್ಯ, ಅಷ್ಟೇ ಓಮ. ಓಮವೇ ಇಲ್ಲಿನ ಗುಟ್ಟು. ತಿನ್ನುವವರಿಗೆ "ಇದರಲ್ಲಿ ಓಮ ಉಂಟು" ಅಂತ ಗೊತ್ತಾಗಬಾರದು. ಹಾಕದಿದ್ದರೆ ಮಾತ್ರ ಗೊತ್ತಾಗುತ್ತದೆ. ಎಲ್ಲವನ್ನೂ ಬೇರೆ ಬೇರೆ ಹುರಿಯಿರಿ, ಓಮವನ್ನು ಕೊನೆಗೆ, ಹತ್ತೇ ಸೆಕೆಂಡು. ನಿಂಬೆ ಗಾತ್ರದ ಹುಣಸೆ, ಆರು ಎಸಳು ಬೆಳ್ಳುಳ್ಳಿ, ಅರಸಿನ ಸೇರಿಸಿ ನುಣ್ಣಗೆ ಕಡೆಯಿರಿ. ಕಾಯಿ ಬೇಡ. ಮಣ್ಣಿನ ಪಾತ್ರೆಯಲ್ಲಿ ಎರಡು ಚಮಚ ತೆಂಗಿನೆಣ್ಣೆ, ಜಜ್ಜಿದ ಶುಂಠಿ, ಕರಿಬೇವು ಬಾಡಿಸಿ, ಮಸಾಲೆ ಹಾಕಿ, ಎಣ್ಣೆ ಬಿಡುವವರೆಗೆ ಕುದಿಸಿ. ಹಸಿವಾಸನೆ ಮೀನು ಹಾಕುವ ಮೊದಲೇ ಹೋಗಬೇಕು. ಆಮೇಲೆ ಮೀನು, ಎಂಟು ನಿಮಿಷ. ಸೌಟು ಹಾಕಬೇಡಿ, ಬಟ್ಟೆಯಲ್ಲಿ ಪಾತ್ರೆಯ ಅಂಚು ಹಿಡಿದು ಮೆಲ್ಲಗೆ ತಿರುಗಿಸಿ.

ಪಕ್ಕದ ಮನೆಯ ಮಾಯಿ ಬಂಗುಡೆಗೆ ಓಮ ಹಾಕುವುದಿಲ್ಲ, ತೆಪ್ಪಲ್ ಅನ್ನುವ ಕಾಡುಮರದ ಸಣ್ಣ ಕಾಯಿ ಹಾಕುತ್ತಾರೆ. ಏಳೆಂಟು ತೆಪ್ಪಲ್ ಕಾಯಿಯನ್ನು ಸ್ವಲ್ಪ ನೀರಲ್ಲಿ ಜಜ್ಜಿ, ಒಳಗಿನ ಕಪ್ಪು ಬೀಜ ತೆಗೆದು, ಸಿಪ್ಪೆಯನ್ನು ನೀರಿನ ಸಮೇತ ಕೊನೆಗೆ ಹಾಕಿ, ಮೇಲೆ ಹಸಿ ತೆಂಗಿನೆಣ್ಣೆ ಬಿಡುತ್ತಾರೆ. ನಾಲಿಗೆ ಜುಮ್ ಅನ್ನುತ್ತದೆ. ಅದೂ ಇದೂ ಒಟ್ಟಿಗೆ ಹಾಕಬೇಡಿ, ಒಂದನ್ನು ಇನ್ನೊಂದು ಕೊಲ್ಲುತ್ತದೆ.

ದೋಸೆ, ಚಟ್ನಿ, ತುಪ್ಪ

ಇವು ಬೇಗ ಹೇಳಿ ಮುಗಿಸಬಹುದು. ಉದ್ದಿನ ದೋಸೆಗೆ ಒಂದು ಕಪ್ ಉದ್ದಿಗೆ ಅರ್ಧ ಸಣ್ಣ ಚಮಚ ಮೆಂತ್ಯ ಜೊತೆಯಲ್ಲೇ ನೆನೆಹಾಕಿ, ಕಡೆಯುವಾಗ ಒಂದು ಹಿಡಿ ತೊಳೆದ ಅವಲಕ್ಕಿ ಸೇರಿಸಿ. ಕಾವಲಿಯ ಮೇಲೆ ಕೆಂಪು ಬಣ್ಣ ಬರುವುದು ಮೆಂತ್ಯದಿಂದ, ಒಳಗೆ ಮೆತ್ತಗಾಗುವುದು ಅವಲಕ್ಕಿಯಿಂದ. ಮಳೆಗಾಲದಲ್ಲಿ ಹಿಟ್ಟು ಹುಳಿ ಬರುವುದು ನಿಧಾನ. ಆಗ ಉಪ್ಪನ್ನು ರಾತ್ರಿ ಹಾಕದೆ ಬೆಳಿಗ್ಗೆ ಹಾಕಿ, ಪಾತ್ರೆಯನ್ನು ಅಕ್ಕಿಡಬ್ಬಿಯೊಳಗೋ ಮುಚ್ಚಿದ ಓವನ್ನಿನೊಳಗೋ ಬೆಚ್ಚಗೆ ಇಡಿ. ನೀರುದೋಸೆಗೆ ಇದ್ಯಾವುದೂ ಬೇಡ. ಹಳೇ ಅಕ್ಕಿ, ಒಂದು ಹಿಡಿ ಎಳೆ ಕಾಯಿತುರಿ, ಕಡೆದ ಕೂಡಲೇ ಹೊಯ್ಯುವುದು, ಅಷ್ಟೇ. ಅಡಿಯಲ್ಲಿ ಅಕ್ಕಿ ತಂಗುತ್ತದೆ, ಪ್ರತಿ ದೋಸೆಗೂ ಹಿಟ್ಟು ಕಲಕಬೇಕು.

ಕಾಯಿಚಟ್ನಿಗೆ ಎಣ್ಣೆಯಲ್ಲಿ ಕೆಂಪಗೆ ಹುರಿದ ಒಂದು ಚಮಚ ಉದ್ದಿನಬೇಳೆಯನ್ನು ಕೊನೆಯ ಸುತ್ತಿಗೆ ಹಾಕಿ, ತರಿತರಿಯಾಗಿ ಇರಲಿ. ಜೊತೆಗೆ ಒಂದು ತುಂಡು ಮಾವಿನ ಶುಂಠಿ ಸಿಕ್ಕರೆ ಹುಣಸೆಯನ್ನು ಅರ್ಧಕ್ಕೆ ಇಳಿಸಿ.

ಬೆಣ್ಣೆ ಕಾಯಿಸುವಾಗ ಚರಚರ ಸದ್ದು ನಿಂತು ಅಡಿಯ ಗಷ್ಟು ಹೊಂಬಣ್ಣಕ್ಕೆ ಬರುವ ಹೊತ್ತಿಗೆ ಒಂದು ಅರಸಿನ ಎಲೆಯನ್ನು ಹರಿದು ಹಾಕಿ ಉರಿ ಆರಿಸಿ. ನಾಗರ ಪಂಚಮಿಗೆ ಅರಸಿನ ಎಲೆಯಲ್ಲಿ ಬೇಯಿಸುವ ಸಿಹಿ ಕಡುಬು ಪತೋಳಿಯ ಪರಿಮಳ ತುಪ್ಪಕ್ಕೆ ಬರುತ್ತದೆ. ಎಲೆ ಒದ್ದೆ ಇದ್ದರೆ ತುಪ್ಪ ಸಿಡಿಯುತ್ತದೆ, ಒರೆಸಿ ಹಾಕಿ. ಎಲೆ ಇಲ್ಲದ ಕಾಲದಲ್ಲಿ ನಾಲ್ಕು ಕಾಳು ಮೆಂತ್ಯವೋ ಅರ್ಧ ವೀಳ್ಯದೆಲೆಯೋ ಆಗುತ್ತದೆ.

ಪಾಯಸದಲ್ಲಿ ಉಪ್ಪು

ಹೆಸರುಬೇಳೆ ಪಾಯಸಕ್ಕೆ ನಾನು ಒಂದು ಚಿಟಿಕೆ ಉಪ್ಪು ಹಾಕುವುದನ್ನು ನೋಡಿ ನನ್ನ ಮಗಳು ಬೆಚ್ಚಿದ್ದಳು. ಎರಡು ಲೋಟದಲ್ಲಿ ಕೊಟ್ಟೆ, ಒಂದರಲ್ಲಿ ಉಪ್ಪು ಇದ್ದದ್ದು, ಒಂದರಲ್ಲಿ ಇಲ್ಲದ್ದು. ಯಾವುದು ಅಂತ ಹೇಳಲಿಲ್ಲ. ಉಪ್ಪು ಇದ್ದದ್ದನ್ನೇ ಪೂರ್ತಿ ಕುಡಿದಳು. ಬೆಲ್ಲದಲ್ಲಿರುವ ಸಣ್ಣ ಕಹಿಯನ್ನು ಉಪ್ಪು ಹಿಡಿದಿಡುತ್ತದೆ, ಆಗ ಸಿಹಿ ಸರಿಯಾಗಿ ಗೊತ್ತಾಗುತ್ತದೆ.

ಬೇಳೆಯನ್ನು ಮೊದಲು ಒಂದು ಚಮಚ ತುಪ್ಪದಲ್ಲಿ ಪರಿಮಳ ಬರುವಷ್ಟು ಹುರಿದು, ಆಮೇಲೆ ಬೇಯಿಸಿ. ಪೂರ್ತಿ ಬೆಂದ ಮೇಲೆಯೇ ಬೆಲ್ಲ, ಮೊದಲೇ ಹಾಕಿದರೆ ಬೇಳೆ ಗಟ್ಟಿಯಾಗಿ ಉಳಿಯುತ್ತದೆ. ಕಾಯಿಹಾಲನ್ನು ಎರಡು ಭಾಗ ಮಾಡಿ. ನೀರು ಹಾಕಿ ತೆಗೆದ ಎರಡನೇ ಹಾಲು ಬೆಲ್ಲದ ಜೊತೆ ಕುದಿಯಲಿ. ಮೊದಲ ದಪ್ಪ ಹಾಲು ಒಲೆ ಆರಿಸಿದ ಮೇಲೆ, ಕುದಿಸಿದರೆ ಎಣ್ಣೆ ಬಿಡುತ್ತದೆ. ಏಲಕ್ಕಿಯನ್ನು ಒಂದು ಚಮಚ ಸಕ್ಕರೆಯ ಜೊತೆ ಕುಟ್ಟಿ, ಆಗಲೇ ಹಾಕಿ, ಡಬ್ಬಿಯಲ್ಲಿ ತುಂಬಿಟ್ಟ ಏಲಕ್ಕಿ ಪುಡಿ ಬೇಡ. ಬಾಳೆಹಣ್ಣಿನ ರಸಾಯನ ಮಾಡುವ ದಿನ ಇದೇ ಕಾಯಿಹಾಲು, ಬೆಲ್ಲಕ್ಕೆ ಒಂದು ಚಮಚ ಹುರಿದ ಎಳ್ಳು ಸೇರಿಸಿ, ಬಡಿಸುವ ಮೊದಲಷ್ಟೇ. ನೆನೆದು ಮೆತ್ತಗಾದ ಎಳ್ಳಿಗೆ ಆ ರುಚಿ ಇರುವುದಿಲ್ಲ.